ಹೂಮರದ ಕೆಳಗೆ ಒಂದು ಕಲ್ಲುಬೆಂಚು ಹಾಕಿಸಿ

ಬೆಂಗಳೂರಿನ ಪಾರ್ಕು, ಫುಟ್‌ಪಾತು, ಬಸ್‌ಸ್ಟಾಪುಗಳನ್ನು ನೋಡಿಕೊಳ್ಳುವವರಿಗೆ, ಮನೆಯಲ್ಲಿ ವಯಸ್ಸಾದವರು ಇರುವ ಎಲ್ಲರಿಗೂ,

ನಮಸ್ಕಾರ.

ನಾನು ಜಯನಗರದಲ್ಲಿರುವ ನಿವೃತ್ತ ಶಿಕ್ಷಕಿ. ವಯಸ್ಸು 71. ನಮ್ಮ ಬೀದಿಯ ಇಬ್ಬರು ಗೆಳತಿಯರ ಜೊತೆ ವಾರಕ್ಕೊಮ್ಮೆ ಹೂವು ನೋಡಲು ಹೋಗುತ್ತೇನೆ. ಒಬ್ಬರಿಗೆ 74, ಕೈಯಲ್ಲಿ ಊರುಗೋಲು. ಇನ್ನೊಬ್ಬರಿಗೆ 79, ಎರಡೂ ಮಂಡಿಗೆ ಆಪರೇಷನ್ ಆಗಿದೆ. ಮೂವರೂ ಹೆಂಗಸರೇ. ಮಳೆಗಾಲದಲ್ಲಿ ಎಲ್ಲೂ ಹೋಗುವುದಿಲ್ಲ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಮಾತ್ರ ನಮ್ಮ ಓಡಾಟ.

ಹೊರಡುವ ಹಿಂದಿನ ರಾತ್ರಿ ಫೋನು ಮಾಡುತ್ತೇನೆ. "ನಾಳೆ ಹೋಗೋಣ್ವಾ?" ಅಂದರೆ ಆ ಕಡೆಯಿಂದ ಬರುವ ಪ್ರಶ್ನೆ ಮೂರೇ. ಕೂರೋಕೆ ಜಾಗ ಇದೆಯಾ? ಟಾಯ್ಲೆಟ್ ಇದೆಯಾ? ಎಷ್ಟು ಮೆಟ್ಟಿಲು ಹತ್ತಬೇಕು? ಯಾವ ಹೂವು, ಯಾವ ಮರ ಅನ್ನುವುದೆಲ್ಲ ಆಮೇಲೆ. ಮೂರಕ್ಕೂ ನನ್ನ ಹತ್ತಿರ ಸರಿಯಾದ ಉತ್ತರ ಇದ್ದರೆ ಮಾರನೇ ದಿನ ಸೀರೆ ಉಟ್ಟು, ಗೇಟಿನ ಹತ್ತಿರ ಬ್ಯಾಗು ಹಿಡಿದು ಕಾಯುತ್ತಿರುತ್ತಾರೆ. ಇಲ್ಲದಿದ್ದರೆ "ನೀವು ಹೋಗಿ ಬನ್ನಿ, ಫೋಟೋ ಕಳ್ಸಿ" ಅನ್ನುತ್ತಾರೆ. ಈ "ಫೋಟೋ ಕಳ್ಸಿ" ಅನ್ನುವ ಮಾತು ಕೇಳಿದರೆ ನನಗೆ ಕರುಳು ಚುರ್ ಅನ್ನುತ್ತದೆ. ಆ ಮಾತಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಎಳ್ಳುಬೆಲ್ಲದ ಡಬ್ಬಿ ಖಾಲಿಯಾಗುವ ಹೊತ್ತಿಗೆ ನಮ್ಮ ಬೀದಿಯ ಕೊನೆಯಲ್ಲಿರುವ ಮರ ಎಲೆ ಉದುರಿಸುತ್ತದೆ. ಹತ್ತು ದಿನ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಬೋಳು ಕೊಂಬೆ, ಕೆಳಗೆ ಒಣಗಿದ ಎಲೆ ರಾಶಿ. ಒಂದು ಬೆಳಗ್ಗೆ ಹಾಲು ತರಲು ಹೋದಾಗ ತುದಿಯಲ್ಲಿ ಎರಡು ಗೊಂಚಲು ಗುಲಾಬಿ ಬಣ್ಣ ಕಾಣಿಸುತ್ತದೆ. ಮೂರ್ನಾಲ್ಕು ದಿನದಲ್ಲಿ ಇಡೀ ಮರ ಗುಲಾಬಿ. ಒಂದು ಎಲೆಯೂ ಇರುವುದಿಲ್ಲ, ಬರೀ ಹೂವು. ಇದಕ್ಕೆ ಟಬೂಬಿಯಾ ಅನ್ನುತ್ತಾರೆ. ನಮ್ಮ ಬೀದಿಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಪಿಂಕ್ ಹೂವಿನ ಮರ ಅಂದರೆ ಎಲ್ಲರಿಗೂ ಗೊತ್ತು. ದೂರದ ಮಧ್ಯ ಅಮೆರಿಕದ ಕಡೆಯಿಂದ ಬಂದ ಮರ. ಅಲ್ಲೂ ಹೀಗೆಯೇ ಒಣಹವೆಯಲ್ಲಿ ಎಲೆ ಬಿಟ್ಟುಕೊಟ್ಟು ಹೂವು ಬಿಡುವ ಅಭ್ಯಾಸ ಅದಕ್ಕೆ. ನಮ್ಮೂರಿನ ಮಾಗಿಯ ಒಣಗಾಳಿ, ಹಗಲಿನ ಬಿಸಿಲು ಅದಕ್ಕೆ ಒಗ್ಗಿಬಿಟ್ಟಿದೆ.

ಹೂವು ತುತ್ತೂರಿಯ ಆಕಾರದಲ್ಲಿರುತ್ತದೆ. ಒಳಗೆ ಗಂಟಲಿನ ಹತ್ತಿರ ಹಳದಿ. ದಳ ದಳವಾಗಿ ಬೀಳದೆ ಇಡೀ ಹೂವೇ ಕಳಚಿ ಬೀಳುತ್ತದೆ. ನನ್ನ 79ರ ಗೆಳತಿ ಒಂದನ್ನು ಎತ್ತಿಕೊಡು ಅಂತ ನನ್ನನ್ನು ಕೇಳುತ್ತಾರೆ. ಬಗ್ಗಲು ಅವರಿಗೆ ಆಗುವುದಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ಸುಮ್ನೆ ನೋಡುತ್ತಾ ಕೂರುತ್ತಾರೆ. ಈ ಹೂವಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ, ದೇವರ ಮನೆಗೂ ಯಾರೂ ತರುವುದಿಲ್ಲ, ಮುಡಿಯುವ ಹೂವಂತೂ ಅಲ್ಲವೇ ಅಲ್ಲ. ನೋಡುವುದಕ್ಕಷ್ಟೇ ಇರುವ ಹೂವು. ಜೀವನವೆಲ್ಲ ಹೂವು ಕಂಡ ತಕ್ಷಣ ಕಟ್ಟಬೇಕು, ಏರಿಸಬೇಕು, ಹಂಚಬೇಕು ಅಂತ ಕೈ ಆಡಿಸಿದವರು ನಾವು. ಏನೂ ಮಾಡದೆ ಒಂದು ಹೂವನ್ನು ನೋಡುತ್ತಾ ಕೂರುವುದು ನಮಗೆ ಈ ವಯಸ್ಸಿನಲ್ಲೇ ಸಿಕ್ಕಿರುವ ಸುಖ.

ಈ ಮರಗಳು ತಾವಾಗಿ ಬಂದು ನಿಂತಿಲ್ಲ. 1908ರಲ್ಲಿ ಜರ್ಮನಿಯ ತೋಟಗಾರಿಕೆ ತಜ್ಞ ಜಿ.ಎಚ್. ಕ್ರುಂಬಿಗಲ್ ಅವರು ಮೈಸೂರು ಸರ್ಕಾರದ ಕೆಲಸಕ್ಕೆ ಬಂದು ಲಾಲ್‌ಬಾಗ್ ನೋಡಿಕೊಂಡರು. 1932ರಲ್ಲಿ ನಿವೃತ್ತರಾದರು. ಆಮೇಲೂ ಇಲ್ಲೇ ಉಳಿದರು, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಒಂದು ಜಾತಿಯ ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ಊರಿನಲ್ಲಿ ಹೂವಿಲ್ಲದ ತಿಂಗಳು ಇರಬಾರದು ಅನ್ನುವುದು ಅವರ ಯೋಚನೆ. ಅವರ ನಂತರ ಬಂದ ನಮ್ಮ ತೋಟಗಾರಿಕೆಯವರು ಅದನ್ನು ಬಿಡದೆ ಮುಂದುವರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಕಾಲದಲ್ಲಿ ಬೀದಿ ಬೀದಿಗೆ ಸಸಿ ಬಂತು, ಒಟ್ಟು ಸುಮಾರು 15 ಲಕ್ಷ ಸಸಿ ನೆಡಿಸಿದರು. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಸಸಿಗಳ ಸುತ್ತ ಬೇಲಿ ಕಟ್ಟಿದ್ದು, ಮನೆಯವರು ಅಕ್ಕಿ ತೊಳೆದ ನೀರು ತಂದು ಹಾಕುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಅವತ್ತು ನನ್ನ ಸೊಂಟದ ಎತ್ತರ ಇದ್ದ ಗಿಡಗಳ ಕೆಳಗೆ ಇವತ್ತು ನೆರಳಿಗೆ ನಿಲ್ಲುತ್ತೇನೆ. ನಾವು ಒಟ್ಟಿಗೇ ಬೆಳೆದವರು, ಒಟ್ಟಿಗೇ ಹಳಬರಾದವರು.

ಆ ಯೋಚನೆಯ ಫಲ ಈಗ ನಮಗೆ ಸಿಗುತ್ತಿದೆ. ಚಳಿಗಾಲದಲ್ಲಿ ಒಂದು ಜಾತಿಯ ಗುಲಾಬಿ ಟಬೂಬಿಯಾ ಅರಳಿ ಮುಗಿಯುತ್ತದೆ. ಜನವರಿ ಕೊನೆಗೆ ಇನ್ನೊಂದು ಶುರು. ಶಿವರಾತ್ರಿ ಹತ್ತಿರ ಬರುತ್ತಿದ್ದಂತೆ ಹಳದಿ ಟಬೂಬಿಯಾ. ಅದು ಹೆಚ್ಚು ದಿನ ಇರುವುದಿಲ್ಲ, ಆದರೆ ಇರುವಷ್ಟು ದಿನ ಬಿಸಿಲಿಗಿಂತ ಜಾಸ್ತಿ ಹೊಳೆಯುತ್ತದೆ. ಆಮೇಲೆ ಜಕರಂಡ, ಗುಲ್‌ಮೊಹರ್. ಪರದೇಶದವು ಬೇಡ, ನಮ್ಮವೇ ಸಾಕು ಅನ್ನುವವರಿಗೂ ಈ ಕಾಲದಲ್ಲಿ ಕೊರತೆ ಇಲ್ಲ. ಬೂರುಗದ ಕೆಂಪು ಹೂವು ಇದೇ ಹೊತ್ತಿಗೆ. ಮಾವು ಹೂ ಬಿಟ್ಟಿರುತ್ತದೆ. ಯುಗಾದಿಗೆ ಸರಿಯಾಗಿ ಬೇವಿನ ಹೂವು. ಹೊಂಗೆಯಂತೂ ಎಳೆ ಹಸಿರು ಎಲೆ ಹೊದ್ದು ನಿಂತರೆ ಹೂವಿನ ಮರವನ್ನೂ ಮರೆಸುತ್ತದೆ.

ನಾನು ಹುಟ್ಟಿದ್ದು ತಿಪಟೂರಿನ ಕಡೆ. ತೆಂಗಿನ ತೋಟ, ಹೊಲದ ಬದುವಿನಲ್ಲಿ ಹೊಂಗೆ, ದೂರದ ಬೋರೆಯಲ್ಲಿ, ಅಂದರೆ ಸಣ್ಣ ಗುಡ್ಡದಲ್ಲಿ, ಮುತ್ತುಗ. ಮುತ್ತುಗ ಅರಳಿದರೆ ಬೋರೆಗೆ ಬೆಂಕಿ ಬಿದ್ದ ಹಾಗೆ ಕಾಣಿಸುತ್ತಿತ್ತು. ಅದನ್ನು ನೋಡಲೆಂದು ಯಾರೂ ಹೋಗುತ್ತಿರಲಿಲ್ಲ, ದನ ಮೇಯಿಸಲು ಹೋದವರು ಕಿವಿಗೆ ಒಂದು ಹೂವು ಸಿಕ್ಕಿಸಿಕೊಂಡು ಬರುತ್ತಿದ್ದರು. ನಮ್ಮ ಅಜ್ಜಿಗೆ ಕೊನೆಗಾಲದಲ್ಲಿ ಬೋರೆಯವರೆಗೆ ನಡೆಯಲು ಆಗುತ್ತಿರಲಿಲ್ಲ. ಊರ ಮುಂದಿನ ಅರಳಿಕಟ್ಟೆಯವರೆಗೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತರೆ ಬೋರೆ ಪೂರ್ತಿ ಕಾಣುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿನವರೆಗೆ ಅಲ್ಲೇ. ಬಂದವರು ಹೋದವರು ಮಾತಾಡಿಸುತ್ತಿದ್ದರು. ಹುಡುಗರು ಆಡುತ್ತಿದ್ದರು. ಒಂದು ಕಡೆ ನಾಗರಕಲ್ಲು, ಒಂದು ಕಡೆ ಗಂಡಸರ ಹರಟೆ, ಇನ್ನೊಂದು ಕಡೆ ಅಜ್ಜಿ. ಬೇವು, ಅರಳಿ ಎರಡರ ನೆರಳೂ ಅವರ ಮೇಲೆ.

ಈಗ ಯೋಚನೆ ಮಾಡಿದರೆ ಆ ಕಟ್ಟೆ ಎಷ್ಟು ದೊಡ್ಡ ತಿಳಿವಳಿಕೆ ಅನ್ನಿಸುತ್ತದೆ. ಮರ ಇದ್ದ ಕಡೆ ಕೂರಲು ಜಾಗ ಇರಬೇಕು ಅನ್ನುವುದನ್ನು ನಮ್ಮ ಹಳ್ಳಿಯವರಿಗೆ ಯಾವ ಇಲಾಖೆಯೂ ಹೇಳಿಕೊಟ್ಟಿರಲಿಲ್ಲ. ಬುಡಕ್ಕೆ ಮಣ್ಣು ತುಂಬಿ, ಸುತ್ತ ಕಲ್ಲು ಕಟ್ಟಿ, ಮೇಲೆ ಚಪ್ಪಡಿ ಹಾಸಿದರು. ಮರಕ್ಕೂ ಮಣ್ಣು ಸಿಕ್ಕಿತು, ಮನುಷ್ಯನಿಗೂ ಆಸರೆ ಸಿಕ್ಕಿತು. ಮರಕ್ಕೆ ಕಟ್ಟೆ ಕಟ್ಟಿದ ನಾಡು ನಮ್ಮದು. ಅದೇ ನಾಡಿನ ರಾಜಧಾನಿಯಲ್ಲಿ ಹೂಮರದ ಕೆಳಗೆ ನಿಂತು, ಕಾಲು ನಡುಗಲು ಶುರುವಾಗಿ, ಎರಡೇ ನಿಮಿಷಕ್ಕೆ ವಾಪಸ್ ಹೊರಡುವ ಮುದುಕರನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೇನೆ.

ಈ ಸಲ ನಾವು ಮೊದಲು ಹೋಗಿದ್ದು ಕಬ್ಬನ್ ಪಾರ್ಕಿಗೆ. ಮಂಗಳವಾರ, ಹತ್ತು ಗಂಟೆಗೆ ಹೊರಟೆವು. ಭಾನುವಾರ ಜನ ಜಾಸ್ತಿ, ನಮ್ಮ ಹೆಜ್ಜೆಗೆ ಸರಿಹೋಗುವುದಿಲ್ಲ. ಮೂವರಿಗೂ ಮೆಟ್ರೋ ಅಂದರೆ ಧೈರ್ಯ. ಲಿಫ್ಟ್ ಇದೆ, ಕೂರಲು ಸೀಟು ಬಿಟ್ಟುಕೊಡುತ್ತಾರೆ. ಮೆಜೆಸ್ಟಿಕ್‌ನಲ್ಲಿ ಹಸಿರು ಲೈನಿನಿಂದ ನೇರಳೆ ಲೈನಿಗೆ ಬದಲಾಯಿಸುವುದು ಮಾತ್ರ ದೂರದ ನಡಿಗೆ. ಅಲ್ಲಿ ಒಬ್ಬ ಹುಡುಗಿ ತಾನಾಗಿ ಬಂದು ನಮ್ಮ ಬ್ಯಾಗು ಹಿಡಿದು ಲಿಫ್ಟಿನವರೆಗೆ ಬಂದಳು. ಅವಳ ಹೆಸರೂ ಕೇಳಲಿಲ್ಲ. ಚೆನ್ನಾಗಿರಲಿ.

ಕಬ್ಬನ್ ಪಾರ್ಕ್ ಸ್ಟೇಷನ್ನಿನಿಂದ ಹೊರಗೆ ಬಂದರೆ ಪಾರ್ಕು ಅಲ್ಲೇ. 1870ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅವರು ರೂಪಿಸಿದ ಪಾರ್ಕು ಅದು. ಆಗ ನೂರು ಎಕರೆ ಇತ್ತು, ಈಗ ಸುಮಾರು ಮುನ್ನೂರು. ನಮಗೆ ಮುನ್ನೂರು ಎಕರೆ ಬೇಡ. ಒಂದು ಮರ, ಅದರ ಎದುರು ಒಂದು ಬೆಂಚು. ಅವತ್ತು ಎರಡೂ ಸಿಕ್ಕಿತು. ಕಲ್ಲಿನ ಹಳೇ ಬೆಂಚು, ಬೆನ್ನಿಗೆ ಆಸರೆ ಇರುವಂಥದ್ದು. ಪೇಪರ್ ಹಾಸಿ ಕೂತೆವು. ಡಬ್ಬಿಯಲ್ಲಿ ಚಿತ್ರಾನ್ನ, ಬಾಟಲಿಯಲ್ಲಿ ಮಜ್ಜಿಗೆ. ಒಂದು ಗಂಟೆ ಯಾರೂ ಏಳಲಿಲ್ಲ. ಗಾಳಿ ಬೀಸಿದಾಗಲೆಲ್ಲ ಐದಾರು ಹೂವು ಗಿರಗಿರ ತಿರುಗುತ್ತಾ ಇಳಿಯುತ್ತಿದ್ದವು. 79ರ ಗೆಳತಿ ಎಣಿಸಲು ಶುರು ಮಾಡಿದರು. ಅರವತ್ತರವರೆಗೆ ಎಣಿಸಿ "ಸಾಕು" ಅಂದರು. ಆಮೇಲೆ ತಮ್ಮ ಮದುವೆಯ ವಿಷಯ ಹೇಳಿದರು. ಮೂವತ್ತು ವರ್ಷ ಒಂದೇ ಬೀದಿಯಲ್ಲಿದ್ದೇವೆ, ಆ ವಿಷಯ ನಾನು ಕೇಳಿರಲಿಲ್ಲ. ಇಲ್ಲಿ ಬರೆಯುವುದಿಲ್ಲ, ಅದು ಅವರದ್ದು. ಆದರೆ ಒಂದು ಬೆಂಚು ಎಷ್ಟು ಕೆಲಸ ಮಾಡುತ್ತದೆ ಅಂತ ನಿಮಗೆ ಗೊತ್ತಾಗಲಿ ಅಂತ ಹೇಳಿದೆ.

ಎರಡನೇ ಸಲ ಹೋಗಿದ್ದು ಬೇರೆ ಕಡೆ. ಅದು ಯಾವ ಜಾಗ ಅಂತ ಹೇಳುವುದಿಲ್ಲ. ಒಂದು ಜಾಗದ ಹೆಸರು ಹೇಳಿದರೆ ಅದೊಂದನ್ನೇ ಸರಿ ಮಾಡಿ ಮುಗಿಸಿಬಿಡುತ್ತಾರೆ. ರಸ್ತೆಯ ಎರಡೂ ಕಡೆ ಸಾಲಾಗಿ ಗುಲಾಬಿ ಮರ. ಪೇಪರಿನಲ್ಲಿ ಫೋಟೋ ಬಂದಿತ್ತು. ಬಸ್ಸಿನಲ್ಲಿ ಹೋದೆವು. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಫ್ರೀ ಆಗಿದೆ, ಅದರಿಂದ ನಮ್ಮಂಥ ಎಷ್ಟೋ ಜನ ಮಕ್ಕಳನ್ನು ದುಡ್ಡು ಕೇಳದೆ ಮನೆಯಿಂದ ಹೊರಗೆ ಬಂದಿದ್ದೇವೆ, ಅದು ನಿಜವಾಗಿ ದೊಡ್ಡ ಉಪಕಾರ. ಟಿಕೆಟ್ಟಿನ ಚಿಂತೆ ತಪ್ಪಿತು, ಮೊದಲ ಮೆಟ್ಟಿಲಿನದು ತಪ್ಪಿಲ್ಲ. ಬಸ್ಸು ಫುಟ್‌ಪಾತಿಗೆ ಒತ್ತಿ ನಿಂತರೆ ಹತ್ತಬಹುದು. ರಸ್ತೆಯ ನಡುವೆ ನಿಂತರೆ ನೆಲದಿಂದ ಮೊದಲ ಮೆಟ್ಟಿಲಿಗೆ ನಮ್ಮ ಮಂಡಿಯ ಎತ್ತರ.

ಇಳಿದ ಮೇಲೆ ಮರದ ಸಾಲು ಕಂಡಿತು. ಸ್ವರ್ಗವೇ ಸರಿ. ಆದರೆ ಫುಟ್‌ಪಾತು ಒಂದು ಅಂಗಡಿಯ ಮುಂದೆ ಮೇಲೆ ಏರಿ, ಇನ್ನೊಂದು ಗೇಟಿನ ಮುಂದೆ ಕೆಳಗೆ ಇಳಿದು, ಒಂದು ಕಡೆ ಚಪ್ಪಡಿಯೇ ಇಲ್ಲ. ಊರುಗೋಲಿನವರು ನೂರು ಹೆಜ್ಜೆ ನಡೆದು ನಿಂತರು. ಕೂರಬೇಕಿತ್ತು. ಅಷ್ಟುದ್ದದ ರಸ್ತೆಯಲ್ಲಿ ಒಂದೂ ಬೆಂಚು ಇಲ್ಲ. ಬಸ್‌ಸ್ಟಾಪಿನಲ್ಲಿ ಇದ್ದದ್ದು ಓರೆಯಾದ ಸ್ಟೀಲ್ ಪೈಪು, ಒರಗಬಹುದು, ಕೂರಲು ಆಗುವುದಿಲ್ಲ. ಕೊನೆಗೆ ಒಂದು ಮನೆಯ ಗೇಟಿನ ಮುಂದಿನ ಮೆಟ್ಟಿಲ ಮೇಲೆ ಕೂತರು. ಮನೆಯವರು ಒಳ್ಳೆಯವರು, ನೀರು ತಂದುಕೊಟ್ಟರು. ಆದರೆ ಗೆಳತಿಯ ಮುಖ ಚಿಕ್ಕದಾಗಿಬಿಟ್ಟಿತ್ತು. ಯಾರದೋ ಮನೆ ಬಾಗಿಲಲ್ಲಿ ಕೂರುವ ಸ್ಥಿತಿ ಬಂತಲ್ಲಾ ಅಂತ. ಹತ್ತು ನಿಮಿಷಕ್ಕೆ ಆಟೋ ಹತ್ತಿ ವಾಪಸ್ ಬಂದೆವು. ದಾರಿಯುದ್ದಕ್ಕೂ ಅವರು ಮರದ ಕಡೆ ನೋಡಲೇ ಇಲ್ಲ.

ಇನ್ನೊಂದು ವಿಷಯ ಹೆಂಗಸರು ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಹೊರಗೆ ಹೋಗುವ ದಿನ ನಾವು ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ. ಕಾಫಿಯೂ ಅರ್ಧ ಲೋಟ. ಬಿಪಿ ಮಾತ್ರೆಯಲ್ಲಿ ನೀರು ಹೊರಹಾಕುವ ಮಾತ್ರೆಯೂ ಇದ್ದವರು ಅದನ್ನು ಮನೆಗೆ ಬಂದ ಮೇಲೆ ತಗೊಳ್ಳೋಣ ಅಂತ ಮುಂದೂಡುತ್ತಾರೆ. ಮಾಘದ ಬಿಸಿಲು ಮೆತ್ತಗೆ ಕಾಣಿಸಿದರೂ ಮಧ್ಯಾಹ್ನ ತಲೆ ಸುತ್ತಿಸುತ್ತದೆ. ಇದು ಬಹಳ ಜನರ ಮನೆಯಲ್ಲಿ ನಡೆಯುತ್ತಿದೆ, ನಿಮ್ಮ ತಾಯಿಯನ್ನು ಕೇಳಿ ನೋಡಿ. ಒಂದು ಚೊಕ್ಕ ಟಾಯ್ಲೆಟ್, ಅದರ ಬಾಗಿಲು ತೆರೆದಿರಬೇಕು, ಒಳಗೆ ಹಿಡಿದು ಏಳಲು ಒಂದು ಕಂಬಿ ಇರಬೇಕು, ಕೂರುವ ಕಮೋಡು ಒಂದಾದರೂ ಇರಬೇಕು. ಅಷ್ಟಿದ್ದರೆ ನಾವು ನೀರು ಕುಡಿದು ಹೊರಡುತ್ತೇವೆ.

ಈಗ ನಾನು ಕೇಳಿಕೊಳ್ಳುವ ಮಾತು. ಊರಿಗೆ ಈಗ ಐದು ಪಾಲಿಕೆಗಳಾಗಿವೆ. ಲಾಲ್‌ಬಾಗ್, ಕಬ್ಬನ್ ಪಾರ್ಕು ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ಬಸ್ಸು ಬೇರೆಯವರದ್ದು, ರಸ್ತೆ ಬೇರೆಯವರದ್ದು. ಯಾರ ಬಾಗಿಲು ತಟ್ಟಬೇಕು ಅಂತ ನಮ್ಮ ವಯಸ್ಸಿನವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಿಮ್ಮ ವಾರ್ಡಿನಲ್ಲಿ ಈ ಕಾಲದಲ್ಲಿ ಚೆನ್ನಾಗಿ ಅರಳುವ ಮರ ಯಾವುದು ಅಂತ ನಿಮ್ಮ ಪಾರ್ಕಿನ ಮಾಲಿಗೆ, ಬೀದಿ ಗುಡಿಸುವವರಿಗೆ ಗೊತ್ತಿರುತ್ತದೆ. ಅಂಥ ಒಂದು ಮರದ ಎದುರು ಒಂದು ಬೆಂಚು ಹಾಕಿಸಿ. ಒಂದು ವಾರ್ಡಿಗೆ ಒಂದೇ ಸಾಕು, ಮೊದಲಿಗೆ.

ಬೆಂಚು ಅಂದರೆ ಎಂಥದ್ದು ಅಂತಲೂ ಹೇಳಬೇಕು, ಯಾಕೆಂದರೆ ಕೂರಲಾಗದ ಬೆಂಚುಗಳು ಊರಿನಲ್ಲಿ ಬೇಕಾದಷ್ಟಿವೆ. ಬಹಳ ತಗ್ಗಿದ್ದರೆ ನಾವು ಕೂತ ಮೇಲೆ ಏಳಲಾರೆವು. ಊಟದ ಮೇಜಿನ ಕುರ್ಚಿಯ ಎತ್ತರ ಇರಲಿ. ಬೆನ್ನಿಗೆ ಆಸರೆ ಬೇಕು. ಎರಡು ಕಡೆಯೂ ಕೈ ಊರಲು ಹಿಡಿ ಬೇಕು. ಹಿಡಿ ಶೋಕಿಗಲ್ಲ. ಮಂಡಿಯಲ್ಲಿ ಬಲ ಇಲ್ಲದವರು ಕೈ ಊರಿಯೇ ಏಳುವುದು. ಸ್ಟೀಲ್ ಬೇಡ, ಹನ್ನೊಂದು ಗಂಟೆಗೇ ಕಾದು ಸುಡುತ್ತದೆ. ನೆರಳಲ್ಲಿ ಹಾಕಿದ ಕಲ್ಲುಬೆಂಚು ತಣ್ಣಗಿರುತ್ತದೆ, ಕದಿಯುವವರೂ ಇಲ್ಲ. ಪಕ್ಕದಲ್ಲಿ ಒಂದು ವೀಲ್‌ಚೇರ್ ನಿಲ್ಲುವಷ್ಟು ಸಮತಟ್ಟು ಜಾಗ ಬಿಟ್ಟರೆ ಗಂಡ ವೀಲ್‌ಚೇರಿನಲ್ಲಿ, ಹೆಂಡತಿ ಬೆಂಚಿನಲ್ಲಿ ಅಕ್ಕಪಕ್ಕ ಕೂರಬಹುದು. ಮರದ ಬುಡಕ್ಕೆ ಮಾತ್ರ ಸಿಮೆಂಟು ಹಾಕಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಬುಡದಿಂದ ಒಂದು ಮೀಟರಿಗಿಂತ ಜಾಸ್ತಿ ಮಣ್ಣು ಬಿಡಿ, ಬೇರಿಗೆ ನೀರು, ಗಾಳಿ ಹೋಗಲಿ. ನಮಗೆ ಕೂರಲು ಜಾಗ ಮಾಡಿ ಮರ ಸಾಯಿಸಿದರೆ ಆ ಬೆಂಚು ಯಾಕೆ?

ಫುಟ್‌ಪಾತಿನ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ರಸ್ತೆ ಹೇಗಿರಬೇಕು ಅಂತ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ 2012ರಲ್ಲೇ ಬರೆದಿಟ್ಟಿದೆ. ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ನಡೆಯಲು ಅಡ್ಡಿ ಇಲ್ಲದ ಜಾಗ 1.8 ಮೀಟರ್ ಅಗಲ ಬೇಕು ಅಂತ. 150 ಮಿಲಿಮೀಟರ್ ಅಂದರೆ ಒಂದು ಗೇಣಿಗಿಂತ ಕಮ್ಮಿ. ಅಷ್ಟನ್ನು ನಾವು ಹತ್ತುತ್ತೇವೆ, ಇಳಿಯುತ್ತೇವೆ. ಒಂದೂವರೆ ಗೇಣು, ಎರಡು ಗೇಣು ಆದರೆ ಪಕ್ಕದವರ ಭುಜ ಹಿಡಿಯಬೇಕು. ಪಕ್ಕದವರಿಗೂ 74.

ಪಾರ್ಕಿನ ಗೇಟಿನ ವಿಷಯ. ನಮ್ಮ ಓಡಾಟದಲ್ಲಿ ಒಂದು ಪುಟ್ಟ ಪಾರ್ಕಿನ ಮುಂದೆ ಹತ್ತೂವರೆಗೆ ನಿಂತಿದ್ದೇವೆ. ಬೀಗ. ಒಳಗೆ ಹಳದಿ ಮರ ಪೂರ್ತಿ ಅರಳಿ ನಿಂತಿತ್ತು, ಕಂಬಿಯ ಸಂದಿಯಿಂದ ನೋಡಿದೆವು. ಬೆಳಗ್ಗೆ ಐದಕ್ಕೆ ವಾಕಿಂಗಿಗೆ ಬರುವವರಿಗೆ ಗೇಟು ತೆರೆದಿರುತ್ತದೆ, ಸರಿ. ಆದರೆ ತೀರಾ ವಯಸ್ಸಾದವರು ಆ ಮಂಜಿನಲ್ಲಿ ಹೊರಗೆ ಬರುವುದಿಲ್ಲ. ಮೈಕೈ ಬಿಸಿಯಾಗಿ, ಸ್ನಾನ ತಿಂಡಿ ಮುಗಿಸಿ, ಮಾತ್ರೆ ತಗೊಂಡು ಹೊರಡುವ ಹೊತ್ತಿಗೆ ಹತ್ತು ಗಂಟೆ. ಹತ್ತರಿಂದ ಹನ್ನೆರಡು, ಅದು ನಮ್ಮ ಹೊತ್ತು. ಚಳಿ ಬಿಟ್ಟಿರುತ್ತದೆ, ಬಿಸಿಲು ಏರಿರುವುದಿಲ್ಲ, ಬಸ್ಸಿನಲ್ಲಿ ಸೀಟು ಇರುತ್ತದೆ. ಹೂವಿನ ಎರಡು ತಿಂಗಳಾದರೂ ಆ ಎರಡು ಗಂಟೆ ಎಲ್ಲ ಪಾರ್ಕುಗಳ ಗೇಟು ತೆಗೆದಿಡಿ.

ಬಿದ್ದ ಹೂವಿನ ಬಗ್ಗೆ ನನಗೆ ಎರಡು ಮನಸ್ಸು. ಹಾದಿ ಪೂರ್ತಿ ಗುಲಾಬಿ ಹಾಸಿದ್ದನ್ನು ಬೆಳಗ್ಗೆಯೇ ಗುಡಿಸಿ ಮೂಟೆ ಕಟ್ಟಿದ್ದು ಕಂಡರೆ ಬೇಜಾರಾಗುತ್ತದೆ. ಆದರೆ ಹಿಂದಿನ ದಿನದ ಹೂವು ಕೊಳೆತು ಕಲ್ಲಿನ ಮೇಲೆ ಅಂಟಿದರೆ ಎಣ್ಣೆ ಚೆಲ್ಲಿದ ಹಾಗೆ ಜಾರುತ್ತದೆ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಆ ವಸಂತವೇ ಕೊನೆಯದಾಗಬಹುದು. ಹಾಗಾಗಿ ನಡೆಯುವ ಹಾದಿ ಗುಡಿಸಲಿ, ಮರದ ಬುಡದಲ್ಲಿ, ಹುಲ್ಲಿನ ಮೇಲೆ ಬಿದ್ದದ್ದು ಹಾಗೇ ಇರಲಿ. ಗುಡಿಸುವ ಹೆಂಗಸರೊಬ್ಬರ ಹತ್ತಿರ ಇದನ್ನು ಹೇಳಿದೆ. "ನಮಗೂ ಅದೇ ಆಸೆ ಅಮ್ಮಾ, ಆದ್ರೆ ಗುಡಿಸ್ಲಿಲ್ಲ ಅಂತ ಬೈತಾರೆ" ಅಂದರು. ಅವರಿಗೆ ಬೈಯಬೇಡಿ. ಅವರೂ ನಮ್ಮ ಜೊತೆ ಅದೇ ಬೆಂಚಿನಲ್ಲಿ ಐದು ನಿಮಿಷ ಕೂರಲಿ.

ಕೊಂಬೆ ಕಡಿಯುವುದಿದ್ದರೆ ಹೂವು ಮುಗಿದ ಮೇಲೆ ಕಡಿಸಿ. ವೈರಿಗೆ ತಾಗುತ್ತಿದ್ದರೆ ಕಡಿಯಲೇಬೇಕು, ಗೊತ್ತು. ಮೊಗ್ಗು ಕಟ್ಟಿದ ಕೊಂಬೆಯನ್ನು ಜನವರಿಯಲ್ಲಿ ಕಡಿದು ಹಾಕಿದ್ದನ್ನು ನೋಡಿದಾಗ ಊಟ ಸೇರಲಿಲ್ಲ ನನಗೆ.

ಇನ್ನು ಮನೆಯವರಿಗೆ. ಮಕ್ಕಳೇ, ನೀವು ನಮ್ಮನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತೀರಿ. ವರ್ಷಕ್ಕೊಮ್ಮೆ ಕಾರು ಮಾಡಿ ನಾಲ್ಕು ದೇವಸ್ಥಾನ ತೋರಿಸುತ್ತೀರಿ. ಆ ಪ್ರಯಾಣ ಮುಗಿಸಿ ಬಂದು ಎರಡು ವಾರ ಸೊಂಟ ನೋವು ಅಂತ ನಾವು ನಿಮಗೆ ಹೇಳುವುದಿಲ್ಲ. ನಮಗೆ ಬೇಕಾದ್ದು ಅದಕ್ಕಿಂತ ಸಣ್ಣದು. ಆಫೀಸಿಗೆ ಹೋಗುವಾಗ ನೀವು ದಿನಾ ಒಂದು ಹೂಮರ ದಾಟಿ ಹೋಗುತ್ತೀರಿ. ಸಿಗ್ನಲ್ಲಿನಲ್ಲಿ ನಿಂತು ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೀರಿ. ಒಂದು ಶನಿವಾರ ಅಮ್ಮನನ್ನು ಅದೇ ಮರದ ಹತ್ತಿರ ಇಳಿಸಿ, ಅರ್ಧ ಗಂಟೆ ಜೊತೆಗೆ ಕೂತು, ಹತ್ತಿರದಲ್ಲೇ ಎಲ್ಲಾದರೂ ಬೈಟು ಕಾಫಿ ಕುಡಿಸಿ ಕರೆದುಕೊಂಡು ಬನ್ನಿ. "ಅಮ್ಮಾ ನೀವು ರೆಸ್ಟ್ ತಗೊಳ್ಳಿ" ಅನ್ನುವುದನ್ನು ಸ್ವಲ್ಪ ಕಮ್ಮಿ ಮಾಡಿ. ರೆಸ್ಟು ನಮಗೆ ಬೇಕಾದಷ್ಟಿದೆ.

ಸಕಲೇಶಪುರದಲ್ಲಿ ನನ್ನ ಅಕ್ಕ ಇದ್ದಾಳೆ. ವಯಸ್ಸು 80. ಮಾರ್ಚಿನಲ್ಲಿ ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದು ಎಂಟು ಒಂಬತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ವಾಸನೆ, ಎರಡು ಮೂರು ದಿನಕ್ಕೆ ಮುಗಿದೂ ಹೋಗುತ್ತದೆ. ತೋಟದೊಳಗೆ ಅವಳಿಗೆ ಹೋಗಲು ಆಗುವುದಿಲ್ಲ. ಕಣದಲ್ಲಿ ಅವಳ ಮಗ ಒಂದು ಕುರ್ಚಿ ಹಾಕಿಸುತ್ತಾನೆ. ಬೆಳಗ್ಗೆ ಮಂಜು ಬಿಟ್ಟ ಮೇಲೆ ಅಲ್ಲಿ ಕೂತು ಫೋನು ಮಾಡುತ್ತಾಳೆ, "ಬಿಟ್ಟಿದೆ ಕಣೇ" ಅಂತ. ಒಂದು ಕುರ್ಚಿ, ಅಷ್ಟೇ. ಆ ಮಗ ಮಾಡುವ ಕೆಲಸವನ್ನೇ ಊರು ನಮಗೆ ಮಾಡಲಿ ಅಂತ ಕೇಳುತ್ತಿದ್ದೇನೆ.

ಕೊನೆಗೆ ನನ್ನ ವಯಸ್ಸಿನವರಿಗೆ. ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಸೇರಿ. ದೂರ ಬೇಡ, ಮನೆಯಿಂದ ಅರ್ಧ ಗಂಟೆ ಸಾಕು. ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ. ನೀರು ಕುಡಿಯಿರಿ, ಮಾತ್ರೆ ಬಿಡಬೇಡಿ. ಲಾಲ್‌ಬಾಗಿನ ಕೆರೆಯ ಹತ್ತಿರ ಗುಲಾಬಿ ಮರದ ನೆರಳು ನೀರಿನಲ್ಲಿ ಬೀಳುವುದನ್ನು ಒಮ್ಮೆ ನೋಡಿ. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದನ್ನು ಹತ್ತಬೇಕಾಗಿಲ್ಲ, ಕೆಳಗಿನಿಂದ ನೋಡಿದರೂ ಆಯಿತು. ಈಗಾಗಲೇ ಗುಲಾಬಿ ಬಣ್ಣದ ಹೂವು ತಪ್ಪಿಹೋಗಿದ್ದರೆ ಹೊಂಗೆ ಚಿಗುರಿಗೆ ಹೋಗಿ. ಹೊಂಗೆ ನೆರಳು ತಾಯಿ ಮಡಿಲಿದ್ದ ಹಾಗೆ ಅಂತ ನಮ್ಮ ಕಡೆ ಹೇಳುತ್ತಾರೆ. ಆ ಮರದಡಿ ಹತ್ತು ನಿಮಿಷ ನಿಂತರೆ ಯಾಕೆ ಹಾಗೆ ಹೇಳಿದರು ಅಂತ ತಿಳಿಯುತ್ತದೆ. ಯುಗಾದಿಯ ಹಿಂದಿನ ದಿನ ಬೇವಿನ ಹೂವನ್ನು ಅಂಗಡಿಯಿಂದ ತರಿಸದೆ ನೀವೇ ಮರದ ಹತ್ತಿರ ಹೋಗಿ, ಮೊಮ್ಮಕ್ಕಳ ಕೈಯಲ್ಲಿ ಕೀಳಿಸಿ.

ಇವತ್ತು ಬೆಳಗ್ಗೆ ಹಾಲಿಗೆ ಹೋದಾಗ ನೋಡಿದೆ, ಎರಡನೇ ಕ್ರಾಸಿನ ಹಳದಿ ಮರ ಶುರುವಾಗಿದೆ. ಇನ್ನೊಂದು ವಾರ ಇದ್ದರೆ ಹೆಚ್ಚು. ಬುಧವಾರ ಹೋಗುತ್ತಿದ್ದೇವೆ. ಅಲ್ಲಿ ಬೆಂಚು ಇಲ್ಲ. ಮಗನಿಗೆ ಹೇಳಿ ಮಡಚುವ ಸ್ಟೂಲು ತರಿಸಿದ್ದೇನೆ. ಎರಡೇ ಸಿಕ್ಕಿದವು. ಅವರಿಬ್ಬರು ಕೂರುತ್ತಾರೆ, ನಾನು ನಿಂತಿರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಜಯನಗರದ ಒಬ್ಬ ನಿವೃತ್ತ ಶಿಕ್ಷಕಿ